ಗೇಮ್‌ಬಾಯ್‌ಗೆ ಒಂದು ಕಡಲಾಟ: ಏಡಿಗೆ ಈಜು ಕೂಡಿಬರುವವರೆಗಿನ ಕೆಲಸದ ದಾಖಲೆ

ನಿಂಟೆಂಡೊದ ಕೈಯಲ್ಲಿ ಹಿಡಿದಾಡುವ ಯಂತ್ರವಾದ 1989ರ ಮೊದಲ ಗೇಮ್‌ಬಾಯ್‌ನಲ್ಲಿ ಓಡುವ ಆಟ ಇದು. ಪುಟ್ಟ ಏಡಿಯೊಂದು ಹವಳದ ದಿಬ್ಬಗಳ ನಡುವೆ ಈಜುತ್ತ, ಗುಳ್ಳೆಗಳ ಮೇಲೆ ಕೂತು ಮೇಲೇರುತ್ತ ಮುತ್ತು ಹೆಕ್ಕಬೇಕು. ಸಾವು ಇಲ್ಲ, ಹೆದರಿಕೆ ಇಲ್ಲ. ಜೆಲ್ಲಿಫಿಶ್ ತಗುಲಿದರೆ ಮೂರು ಮುತ್ತು ಕೈಜಾರಿ ತೇಲುತ್ತವೆ, ಬೇಗ ಹೋದರೆ ಮತ್ತೆ ಸಿಗುತ್ತವೆ. ಇಂಥ ಆಟದ ಖುಷಿ ಚಿತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ಈಜಿನ ಲೆಕ್ಕದಲ್ಲಿದೆ. ಹಾಗಾಗಿ ಈ ದಾಖಲೆಯಲ್ಲಿ ಲೆಕ್ಕ ತಪ್ಪಿದ ಜಾಗಗಳಿಗೇ ಹೆಚ್ಚು ಜಾಗ ಕೊಟ್ಟಿದೆ.

ಹಂತ 1: ಸಾಮಾನು

ಕೋಡ್ ಸಿ ಭಾಷೆಯಲ್ಲಿ, ಗೇಮ್‌ಬಾಯ್ ಆಟ ಕಟ್ಟುವ ಜಿಬಿಡಿಕೆ-2020 ಬಳಸಿ. ಚಿತ್ರಗಳನ್ನು ಟೈಲ್‌ಗಳಾಗಿ (8×8 ಪಿಕ್ಸೆಲ್‌ನ ಚೌಕಗಳಾಗಿ) ಒಡೆಯಲು ಅದರ ಜೊತೆಗೇ ಬರುವ ಪಿಎನ್‌ಜಿ2ಅಸೆಟ್. ಲೆವೆಲ್ ನಕ್ಷೆಗೆ ಟೈಲ್ಡ್, ಸಂಗೀತಕ್ಕೆ ಹ್ಯೂಜ್‌ಟ್ರ್ಯಾಕರ್. ಪರೀಕ್ಷೆಗೆ ಸೇಮ್‌ಬಾಯ್ ಮತ್ತು ಎಮ್ಯುಲಿಶಿಯಸ್ ಎಮ್ಯುಲೇಟರ್‌ಗಳು (ಕಂಪ್ಯೂಟರ್‌ನಲ್ಲಿ ಗೇಮ್‌ಬಾಯ್ ಅನುಕರಿಸುವ ತಂತ್ರಾಂಶಗಳು), ಕೊನೆಯಲ್ಲಿ ಫ್ಲ್ಯಾಶ್ ಕಾರ್ಟ್ರಿಜ್ ಹಾಕಿದ ನಿಜವಾದ ಯಂತ್ರ.

ಇಲ್ಲಿ ಖರ್ಚು ಎಂದರೆ ಬೈಟು (ಮೆಮೊರಿಯ ಜಾಗ) ಮತ್ತು ಸೈಕಲ್ (ಪ್ರೊಸೆಸರ್‌ನ ಒಂದು ಹೆಜ್ಜೆಯ ಸಮಯ). ಪರದೆ 160×144 ಪಿಕ್ಸೆಲ್, ನಾಲ್ಕೇ ಛಾಯೆ. ಕೆಲಸದ ಮೆಮೊರಿ 8 ಕಿಲೋಬೈಟ್, ಚಿತ್ರದ ಮೆಮೊರಿ ಇನ್ನೊಂದು 8 ಕಿಲೋಬೈಟ್. ಒಟ್ಟು 40 ಸ್ಪ್ರೈಟ್ (ಹಿನ್ನೆಲೆಯ ಮೇಲೆ ಸರಿದಾಡುವ ಸಣ್ಣ ಚಿತ್ರ), ಪರದೆಯ ಒಂದು ಅಡ್ಡ ಗೆರೆಯಲ್ಲಿ 10ಕ್ಕಿಂತ ಹೆಚ್ಚು ಕಾಣುವುದಿಲ್ಲ. ಸೆಕೆಂಡಿಗೆ 59.73 ಫ್ರೇಮ್ (ಪರದೆಯ ಒಂದು ಪೂರ್ತಿ ಚಿತ್ರ), ಒಂದು ಫ್ರೇಮ್‌ಗೆ ಸಿಗುವುದು 17,556 ಮಷಿನ್ ಸೈಕಲ್. ಗುಣಾಕಾರ, ಭಾಗಾಕಾರದ ಸೂಚನೆಗಳು ಪ್ರೊಸೆಸರ್‌ನಲ್ಲೇ ಇಲ್ಲ. ಆದ್ದರಿಂದ ಎಲ್ಲವನ್ನೂ ಕೂಡಿಸು, ಕಳೆ, ಬಿಟ್ ಸರಿಸು ಇವುಗಳಲ್ಲೇ ಮುಗಿಸಬೇಕು.

ಹಂತ 2: ನೀರಿನ ಬಣ್ಣ

ಮೊದಲ ಪ್ರಯತ್ನದಲ್ಲಿ ನೀರಿಗೆ ಎರಡನೇ ಗಾಢ ಛಾಯೆ ಹಾಕಿದ್ದು. ಕಡಲೊಳಗೆ ಅಲ್ಲವೇ, ಗಾಢವಾಗಿರಲಿ ಎಂಬ ಎಣಿಕೆ. ಕಂಪ್ಯೂಟರ್ ಪರದೆಯ ಮೇಲೆ ಚೆನ್ನಾಗಿಯೇ ಕಂಡಿತು. ಯಂತ್ರಕ್ಕೆ ಹಾಕಿದಾಗ ಕೆಲಸಕ್ಕೆ ಬರಲಿಲ್ಲ: ಆ ಪರದೆಗೆ ಹಿಂಬೆಳಕು ಇಲ್ಲ, ಗಾಢ ಛಾಯೆಗಳೆರಡೂ ಹೆಚ್ಚುಕಡಿಮೆ ಒಂದೇ ಆಗಿ ಕಂಡವು. ಏಡಿ ಹಳ್ಳದ ಕೆಸರಿನಲ್ಲಿ ಹುಡುಕುವ ವಸ್ತುವಾಯಿತು.

ಈಗ ನೀರು ಅತ್ಯಂತ ತಿಳಿಯಾದ ಛಾಯೆ. ದೂರದ ಹವಳ ಎರಡನೇ ಛಾಯೆಯಲ್ಲಿ, ಬರೀ ಆಕಾರ, ಒಳಗೆ ಯಾವ ಗೀರೂ ಇಲ್ಲ. ನಿಲ್ಲಬಹುದಾದ ಕಲ್ಲಿಗೆ ಮೇಲಂಚು ಮಾತ್ರ ಕಪ್ಪು, ಒಳಗೆ ಮೂರನೇ ಛಾಯೆ. ನಿಲ್ಲಬಹುದು ಎಂದು ಹೇಳುವುದು ಆ ಕಪ್ಪು ಮೇಲಂಚೇ. ಬೇರೆಲ್ಲೂ ಅಡ್ಡ ಕಪ್ಪು ಗೆರೆ ಬಳಸಿಲ್ಲ. ಆಡುವವರು ಇದನ್ನು ಯಾರೂ ಹೇಳಿಕೊಡದೆ ಹಿಡಿಯುತ್ತಾರೆ.

ಇನ್ನೊಂದು ಮಾತು. ಆ ಪರದೆ ನಿಧಾನ. ಚಲಿಸುವ ವಸ್ತು ಹಿಂದೆ ಮಸುಕು ಬಿಡುತ್ತದೆ. ಒಂದು ಪಿಕ್ಸೆಲ್ ದಪ್ಪದ ತಿಳಿ ಗೆರೆಯಲ್ಲಿ ಬರೆದ ಗುಳ್ಳೆ ಓಡುವಾಗ ಕಾಣಲೇ ಇಲ್ಲ. ಅಂಚು ಕಪ್ಪು ಮಾಡಿ, ಎಡ ಮೇಲ್ಮೂಲೆಯಲ್ಲಿ ಎರಡು ಪಿಕ್ಸೆಲ್ ಹೊಳಪು ಇಟ್ಟರೆ ಸಾಕಾಗುತ್ತದೆ. ಒಡೆಯಲಿರುವ ಗುಳ್ಳೆಯನ್ನು ಒಂದು ಫ್ರೇಮ್ ಬಿಟ್ಟು ಒಂದು ಫ್ರೇಮ್ ತೋರಿಸಿದರೆ, ಅದೇ ನಿಧಾನದ ಪರದೆ ಅದನ್ನು ಅರೆಪಾರದರ್ಶಕವಾಗಿ ತೋರಿಸುತ್ತದೆ. ಎಮ್ಯುಲೇಟರ್‌ನಲ್ಲಿ ಇದು ಬರೀ ಮಿಣುಕು. ಯಂತ್ರದ ಮೇಲೆ ನೋಡಿಯೇ ತೀರ್ಮಾನಿಸಬೇಕು.

ಹಂತ 3: ಏಡಿ

ಏಡಿಯನ್ನೇ ಆರಿಸಿದ್ದಕ್ಕೆ ಕಾರಣ ಬೈಟಿನದು. ಮುಖಾಮುಖಿ ನಿಂತ ಏಡಿಯ ಎಡ ಅರ್ಧ ಬಲ ಅರ್ಧದ ಕನ್ನಡಿ. 8×16 ಸ್ಪ್ರೈಟ್ ಒಂದನ್ನು ಬರೆದು, ಎರಡನೆಯದಕ್ಕೆ ಅದನ್ನೇ ಅಡ್ಡ ತಿರುಗಿಸಿದರೆ 16×16 ಏಡಿ ಸಿದ್ಧ. ಒಂದು ಭಂಗಿಗೆ 64 ಬೈಟಿನ ಬದಲು 32 ಬೈಟ್. ಮೀನಾಗಿದ್ದರೆ ಈ ಉಳಿತಾಯ ಇಲ್ಲ.

ಈಜುವ ಜಾತಿಯ ಏಡಿಗಳ ಕೊನೆಯ ಜೋಡಿ ಕಾಲು ದೋಣಿಯ ಹುಟ್ಟಿನ ಹಾಗೆ ಚಪ್ಪಟೆ. ಅದನ್ನೇ ಹಿಡಿದು ಈಜಿಗೆ ಎರಡು ಭಂಗಿ: ಹುಟ್ಟು ಮೇಲೆ, ಹುಟ್ಟು ಕೆಳಗೆ. ಬೇರೆ ಕಾಲುಗಳು ಅಲುಗುವುದಿಲ್ಲ. ಎಲ್ಲ ಕಾಲುಗಳನ್ನೂ ಆಡಿಸಿದ ಮೊದಲ ಚಿತ್ರದಲ್ಲಿ 16 ಪಿಕ್ಸೆಲ್‌ನೊಳಗೆ ಗಲಿಬಿಲಿ ಬಿಟ್ಟರೆ ಇನ್ನೇನೂ ಕಾಣಲಿಲ್ಲ.

ಕಣ್ಣು ಮೂರು ಪಿಕ್ಸೆಲ್ ಅಗಲ, ನಾಲ್ಕು ಎತ್ತರ: ಸುತ್ತ ಬಿಳಿ, ಒಳಗೆ ಎರಡು ಕಪ್ಪು ಪಿಕ್ಸೆಲ್ ಒಂದರ ಕೆಳಗೊಂದು. ಆ ಕಪ್ಪನ್ನು ಒಂದು ಪಿಕ್ಸೆಲ್ ಮೇಲೆ ಸರಿಸಿದರೆ ಏಡಿ ಉತ್ಸಾಹದಲ್ಲಿದೆ, ಕೆಳಗಿಟ್ಟರೆ ತೂಕಡಿಸುತ್ತಿದೆ. ಮೇಲೇರುವಾಗ ಮೇಲೆ, ಮುಳುಗುವಾಗ ಕೆಳಗೆ. ಬಾಯಿ ಬರೆಯದೆಯೇ ಮುಖಭಾವ ಬಂತು.

ಪಕ್ಕಕ್ಕೆ ನೋಡುವ ಭಂಗಿಗೆ ಮಾತ್ರ ಕನ್ನಡಿ ಉಪಾಯ ನಡೆಯುವುದಿಲ್ಲ. ಬಲಕ್ಕೆ ನೋಡುವುದನ್ನು ಪೂರ್ತಿ 64 ಬೈಟಿನಲ್ಲಿ ಬರೆದು, ಎಡಕ್ಕೆ ಅದನ್ನೇ ತಿರುಗಿಸಬೇಕು. ತಪ್ಪಿದ್ದು ಇಲ್ಲೇ: ಎರಡೂ ಸ್ಪ್ರೈಟ್‌ಗೆ ತಿರುಗಿಸುವ ಬಿಟ್ ಹಾಕಿದ್ದಾಯಿತು, ಎರಡರ ಜಾಗ ಅದಲುಬದಲು ಮಾಡಿರಲಿಲ್ಲ. ನಡುವೆ ಇರಬೇಕಾದ ಚಿಪ್ಪು ಎರಡೂ ಹೊರ ಅಂಚಿಗೆ ಹೋಗಿ, ಕೊಂಡಿಗಳು ನಡುವೆ ಸೇರಿಕೊಂಡವು. ಮೆಟಾಸ್ಪ್ರೈಟ್ (ಒಟ್ಟಾಗಿ ಚಲಿಸುವ ಸ್ಪ್ರೈಟ್‌ಗಳ ಗುಂಪು) ತಿರುಗಿಸುವ ಜಿಬಿಡಿಕೆ ಫಂಕ್ಷನ್ ಬಳಸಿದರೆ ಜಾಗವೂ ತಾನೇ ಬದಲಾಗುತ್ತದೆ.

ಇದೇ ಹಂತದಲ್ಲಿ ನೆನಪಿಡಬೇಕಾದ ಎರಡು ಅಂಶ ಇವೆ. 8×16 ಕ್ರಮದಲ್ಲಿ ಟೈಲ್ ಸಂಖ್ಯೆಯ ಕೊನೆಯ ಬಿಟ್ ಲೆಕ್ಕಕ್ಕಿಲ್ಲ. 5 ಎಂದು ಬರೆದರೂ 4 ಮತ್ತು 5 ಟೈಲ್‌ಗಳೇ ಬರುತ್ತವೆ, ಹಾಗಾಗಿ ಸಮಸಂಖ್ಯೆಯಿಂದಲೇ ಶುರು ಮಾಡಿ. ಸ್ಪ್ರೈಟ್ ಪರದೆಯ ಎಡ ಮೇಲ್ಮೂಲೆಗೆ ಬರಬೇಕಾದರೆ ಅದರ ಸ್ಥಾನ 0, 0 ಅಲ್ಲ. ಅಡ್ಡ 8, ಉದ್ದ (ಮೇಲಿಂದ ಕೆಳಕ್ಕೆ) 16.

ಹಂತ 4: ಸ್ಥಾನ ಬರೆದಿಡುವ ಬಗೆ

ಪಿಕ್ಸೆಲ್‌ನ ಭಾಗಗಳು ಬೇಕೇ ಬೇಕು, ಇಲ್ಲದಿದ್ದರೆ ನಿಧಾನದ ಚಲನೆ ಸಾಧ್ಯವಿಲ್ಲ. ಮೊದಲು 16 ಬಿಟ್‌ನಲ್ಲಿ 8 ಬಿಟ್ ಪಿಕ್ಸೆಲ್‌ಗೆ, 8 ಬಿಟ್ ಭಾಗಕ್ಕೆ ಇಟ್ಟದ್ದು. ಏಡಿ 256ನೇ ಪಿಕ್ಸೆಲ್ ಮುಟ್ಟಿದ ಕೂಡಲೇ ಲೆವೆಲ್‌ನ ಎಡ ತುದಿಯಲ್ಲಿ ಪ್ರತ್ಯಕ್ಷವಾಯಿತು. ಲೆವೆಲ್ 1280 ಪಿಕ್ಸೆಲ್ ಅಗಲವಿರುವಾಗ 8 ಬಿಟ್ ಸಾಲುವುದು ಹೇಗೆ?

ಬದಲಿಗೆ 12 ಬಿಟ್ ಪಿಕ್ಸೆಲ್, 4 ಬಿಟ್ ಭಾಗ. ಅಂದರೆ ಒಂದು ಪಿಕ್ಸೆಲ್‌ಗೆ 16 ಘಟಕ. 1280 ಪಿಕ್ಸೆಲ್‌ಗೆ 20,480 ಘಟಕ, ಚಿಹ್ನೆಯುಳ್ಳ 16 ಬಿಟ್ ಸಂಖ್ಯೆಯಲ್ಲಿ ಆರಾಮಾಗಿ ಕೂರುತ್ತದೆ. ಮುಂದಿನ ಎಲ್ಲ ಲೆಕ್ಕವೂ ಈ ಘಟಕದಲ್ಲೇ.

ಹಂತ 5: ಈಜು

ಹೆಚ್ಚು ಸಮಯ ಹಿಡಿದದ್ದು ಇದು, ಹಿಡಿಯಬೇಕಾದದ್ದೂ ಇದೇ.

ಮೊದಲು ನೆಲದ ಜಿಗಿತವನ್ನು ಸರಿಪಡಿಸಿಕೊಂಡದ್ದಾಯಿತು: ಗುರುತ್ವ ಫ್ರೇಮ್‌ಗೆ 4, ಜಿಗಿತದ ವೇಗ −64 (ಋಣ ಎಂದರೆ ಮೇಲಕ್ಕೆ). ಏಡಿ 15 ಫ್ರೇಮ್‌ಗಳಲ್ಲಿ 480 ಘಟಕ, ಅಂದರೆ 30 ಪಿಕ್ಸೆಲ್ ಏರುತ್ತದೆ.

*ಮೊದಲ ಪ್ರಯತ್ನ.* ನೀರಿನಲ್ಲಿ ಎಲ್ಲವೂ ಅರ್ಧ: ಗುರುತ್ವ 2, ಜಿಗಿತ −32. ನಿಧಾನವಾಗುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಆಗಿದ್ದು ಬೇರೆ: ಎತ್ತರ 30ರಿಂದ 15 ಪಿಕ್ಸೆಲ್‌ಗೆ ಇಳಿಯಿತು, ಹಿಡಿದ ಸಮಯ ಅದೇ 15 ಫ್ರೇಮ್. ಎರಡನ್ನೂ ಅರ್ಧ ಮಾಡಿದರೆ ಜಿಗಿತ ಗಿಡ್ಡವಾಗುತ್ತದೆ, ನಿಧಾನವಾಗುವುದಿಲ್ಲ. ನೋಡುವುದಕ್ಕೆ ಕಾಲಿಗೆ ಕಲ್ಲು ಕಟ್ಟಿದ ಏಡಿ.

*ಎರಡನೇ ಪ್ರಯತ್ನ.* ವೇಗ ಅರ್ಧ, ಗುರುತ್ವ ಕಾಲುಭಾಗ: −32 ಮತ್ತು 1. ಈಗ 31 ಫ್ರೇಮ್‌ಗಳಲ್ಲಿ 31 ಪಿಕ್ಸೆಲ್. ಲೆಕ್ಕ ಸರಿ. ಆದರೆ ಇದು ನೆಲದ ಜಿಗಿತವನ್ನೇ ನಿಧಾನವಾಗಿ ತೋರಿಸಿದ ಹಾಗೆ, ಚಂದ್ರನ ಮೇಲೆ ನಡೆದ ಹಾಗೆ. ಗುಂಡಿ ಒತ್ತಿದ ಮೇಲೆ ಬೆರಳಿಗೆ ಮಾಡಲು ಏನೂ ಉಳಿಯುವುದಿಲ್ಲ. ನೀರಿನಲ್ಲಿ ಬೇಕಾದದ್ದು ಮೊದಲ ಕ್ಷಣದ ಚುರುಕು, ಆಮೇಲೆ ನೀರು ಹಿಡಿದು ನಿಲ್ಲಿಸಿದಂತಾಗುವುದು. ಅಂದರೆ ತಡೆ ಬೇಕು.

*ಮೂರನೇ ಪ್ರಯತ್ನ.* ಪ್ರತಿ ಫ್ರೇಮ್ ಗುರುತ್ವ 1 ಕೂಡಿಸಿ, ಆಮೇಲೆ ವೇಗದ ಹದಿನಾರನೇ ಒಂದು ಭಾಗವನ್ನು ಕಳೆಯುವುದು. ಹದಿನಾರರಿಂದ ಭಾಗಿಸಲು ನಾಲ್ಕು ಬಿಟ್ ಬಲಕ್ಕೆ ಸರಿಸಿದರೆ ಆಯಿತು. ಮುಳುಗುವ ವೇಗ ತಾನಾಗಿ 15ಕ್ಕೆ ನಿಲ್ಲುತ್ತದೆ: 15ಕ್ಕೆ 1 ಕೂಡಿದರೆ 16, ಅದರ ಹದಿನಾರನೇ ಭಾಗ 1 ಕಳೆದರೆ ಮತ್ತೆ 15. ಸೆಕೆಂಡಿಗೆ 56 ಪಿಕ್ಸೆಲ್; ಆಟದ ಜಾಗದ ಮೇಲಿಂದ ಕೆಳಕ್ಕೆ ಎರಡೂಕಾಲು ಸೆಕೆಂಡ್. ಗುಂಡಿ ಒತ್ತಿದಾಗಲೆಲ್ಲ ಉದ್ದದ ವೇಗ −36 ಆಗುತ್ತದೆ. ಆಗ ವೇಗ ಫ್ರೇಮ್‌ನಿಂದ ಫ್ರೇಮ್‌ಗೆ 32, 29, 26, 23, 20, 17, 15, 13 ಹೀಗೆ ಕರಗುತ್ತ 1ಕ್ಕೆ ಬರುತ್ತದೆ. ಒಟ್ಟು 14 ಫ್ರೇಮ್, 211 ಘಟಕ, 13 ಪಿಕ್ಸೆಲ್. ಮೊದಲ ಆರು ಫ್ರೇಮ್‌ಗಳಲ್ಲೇ 147 ಘಟಕ ಮುಗಿದಿರುತ್ತದೆ. ಚುರುಕು ಬಂದದ್ದು ಅಲ್ಲಿಂದ.

ಒತ್ತಿದಾಗ −36 ಎಂದು ಇಡಬೇಕು, ಇದ್ದ ವೇಗಕ್ಕೆ ಕೂಡಿಸಬಾರದು. ಕೂಡಿಸಿದಾಗ ಬೇಗಬೇಗ ಒತ್ತುವವರಿಗೆ ಏಡಿ ಬಾಣವಾಗಿ ಲೆವೆಲ್‌ನ ವಿನ್ಯಾಸವೇ ವ್ಯರ್ಥವಾಯಿತು. ಒಂದು ಒತ್ತಿನ ನಂತರ 8 ಫ್ರೇಮ್ ಹೊಸ ಒತ್ತು ನಡೆಯುವುದಿಲ್ಲ, ಆದರೆ ಕೊನೆಯ 6 ಫ್ರೇಮ್‌ಗಳಲ್ಲಿ ಒತ್ತಿದ್ದನ್ನು ನೆನಪಿಟ್ಟುಕೊಂಡು ಸಮಯ ಬಂದೊಡನೆ ನಡೆಸಲಾಗುತ್ತದೆ. ಈ ನೆನಪು ಇಲ್ಲದಿದ್ದಾಗ, ಗುಂಡಿ ಕೆಲಸ ಮಾಡುತ್ತಿಲ್ಲ ಎಂದೇ ಅನಿಸುತ್ತದೆ.

*ಬಲಕ್ಕೆ ಜಾರುವ ಏಡಿ.* ಇದೇ ತಡೆಯನ್ನು ಅಡ್ಡ ಚಲನೆಗೂ ಹಾಕಿದಾಗ ವಿಚಿತ್ರ ಬಗ್ ಬಂತು. ಎಡಕ್ಕೆ ಹೋಗಿ ಗುಂಡಿ ಬಿಟ್ಟರೆ ಏಡಿ ನಿಲ್ಲುತ್ತದೆ. ಬಲಕ್ಕೆ ಹೋಗಿ ಬಿಟ್ಟರೆ ಗೋಡೆ ಸಿಗುವ ತನಕ ಜಾರುತ್ತಲೇ ಇರುತ್ತದೆ. ಕಾರಣ ಬಿಟ್ ಸರಿಸುವುದರಲ್ಲೇ ಇದೆ. 15ನ್ನು ನಾಲ್ಕು ಬಿಟ್ ಸರಿಸಿದರೆ 0, ಹಾಗಾಗಿ ತಡೆ ಇಲ್ಲ. −15ನ್ನು ಸರಿಸಿದರೆ −1, ಹಾಗಾಗಿ ತಡೆ ಇದೆ. ಋಣ ಸಂಖ್ಯೆಗಳು ಕೆಳಕ್ಕೆ ದುಂಡಾಗುತ್ತವೆ.

ಪರಿಹಾರ: ವೇಗ ಧನವಾಗಿದ್ದರೆ ಸರಿಸುವ ಮೊದಲು 15 ಕೂಡಿಸುವುದು. ಎರಡೂ ಕಡೆ ಒಂದೇ ರೀತಿ ನಿಂತಿತು. ಅದೇ ಹುರುಪಿನಲ್ಲಿ ಉದ್ದದ ಚಲನೆಗೂ ಅದನ್ನೇ ಹಾಕಿದ್ದು ತಪ್ಪು. ಏಡಿ ಮುಳುಗುವುದನ್ನೇ ಬಿಟ್ಟು ನೀರಿನ ನಡುವೆ ತೂಗಿ ನಿಂತಿತು: ಗುರುತ್ವ ಕೂಡಿಸಿದ 1ನ್ನು ತಡೆ ಅದೇ ಫ್ರೇಮ್‌ನಲ್ಲಿ ತಿಂದುಹಾಕುತ್ತಿತ್ತು. ಅಡ್ಡಕ್ಕೆ 15 ಕೂಡಿಸಿದ ತಡೆ, ಉದ್ದಕ್ಕೆ ಕೂಡಿಸದ ತಡೆ. ಎರಡು ಬೇರೆ ಫಂಕ್ಷನ್. ಒಂದಾಗಿಸಿ ಚೊಕ್ಕಟ ಮಾಡಲು ಹೋಗಬೇಡಿ.

ಅಡ್ಡ ಗುಂಡಿಯ ವೇಗವರ್ಧನೆ ಫ್ರೇಮ್‌ಗೆ 3. ಗರಿಷ್ಠ ವೇಗ 30, ಮುಟ್ಟಲು 23 ಫ್ರೇಮ್. ಬಿಟ್ಟ ಮೇಲೆ ಏಡಿ 274 ಘಟಕ, ಅಂದರೆ 17 ಪಿಕ್ಸೆಲ್ ಜಾರುತ್ತದೆ. ಮೊದಲು ಬರೆದ ದಿಬ್ಬಗಳಲ್ಲಿ ಎಷ್ಟೋ 16 ಪಿಕ್ಸೆಲ್ ಅಗಲದವು. ಅವುಗಳ ಮೇಲೆ ಪೂರ್ತಿ ವೇಗದಲ್ಲಿ ಬಂದು ನಿಲ್ಲಲು ಆಗುತ್ತಲೇ ಇರಲಿಲ್ಲ. ದಿಬ್ಬದ ಕನಿಷ್ಠ ಅಗಲವನ್ನು 32 ಪಿಕ್ಸೆಲ್‌ಗೆ ಏರಿಸಿದ್ದು ಆಗಲೇ.

ಡಿಕ್ಕಿಗೆ ಲೆಕ್ಕ ಹಾಕುವ ಚೌಕ 12×12, ಚಿತ್ರ 16×16 ಆದರೂ. 16 ಪಿಕ್ಸೆಲ್‌ನ ಸಂದಿಯಲ್ಲಿ 16 ಪಿಕ್ಸೆಲ್‌ನ ಚೌಕ ತೂರಿಸುವುದು ಯಾರಿಂದಲೂ ಆಗದು. ತಲೆ ಬಂಡೆಗೆ ತಾಗಿದರೆ ವೇಗ 0 ಮಾಡುವ ಬದಲು +8 ಮಾಡಿದೆ, ಜೊತೆಗೆ ಒಂದು ಪುಟ್ಟ ಗುಳ್ಳೆ. ಏಡಿ ಅಂಟಿಕೊಳ್ಳದೆ ಮೆತ್ತಗೆ ಪುಟಿಯುತ್ತದೆ.

ಹಂತ 6: ನೀರಿನಿಂದ ಹೊರಕ್ಕೆ

ಕೆಲವು ಲೆವೆಲ್‌ಗಳಲ್ಲಿ ನೀರಿನ ಮೇಲ್ಮೈ ಇದೆ, ಮೇಲೆ ಬಂಡೆ. ನೀರು ದಾಟಿದರೆ ಗುರುತ್ವ 4, ತಡೆ ಇಲ್ಲ. ಆ ಲೆಕ್ಕದಲ್ಲಿ −36ರ ಪೂರ್ತಿ ವೇಗ ಇದ್ದರೂ ಏಡಿ 9 ಪಿಕ್ಸೆಲ್ ಏರಿ ಬಿದ್ದುಬಿಡುತ್ತದೆ; 16 ಪಿಕ್ಸೆಲ್ ಎತ್ತರದ ಬಂಡೆ ದಕ್ಕುವುದಿಲ್ಲ. ಗುಂಡಿ ಒತ್ತಿ ಹಿಡಿದೇ ಮೇಲ್ಮೈ ದಾಟಿದರೆ ವೇಗವನ್ನು −56 ಮಾಡಿದೆ. ಈಗ 22 ಪಿಕ್ಸೆಲ್, ಬಂಡೆ ಹತ್ತಲು ಸಾಕು.

ಇಲ್ಲಿ ಕೆಟ್ಟದ್ದು ಮೇಲ್ಮೈಯಲ್ಲೇ ತೇಲುವಾಗ. ಒಂದು ಫ್ರೇಮ್ ನೀರು, ಮುಂದಿನ ಫ್ರೇಮ್ ಗಾಳಿ, ಮತ್ತೆ ನೀರು. ಪ್ರತಿ ಸಲವೂ ಪಚಕ್ ಎಂಬ ಸದ್ದು, ಒಟ್ಟಾಗಿ ಗರಗಸ ಎಳೆದ ಹಾಗೆ. ಗಾಳಿ ಎಂದು ಎಣಿಸುವ ಗೆರೆಯನ್ನು ಮೇಲ್ಮೈಗಿಂತ 4 ಪಿಕ್ಸೆಲ್ ಮೇಲಕ್ಕೂ, ನೀರು ಎಂದು ಎಣಿಸುವ ಗೆರೆಯನ್ನು 4 ಪಿಕ್ಸೆಲ್ ಕೆಳಕ್ಕೂ ಸರಿಸಿ, ವೇಗ 20 ಮೀರಿದ್ದರೆ ಮಾತ್ರ ಸದ್ದು ಎಂದು ಮಾಡಿದ ಮೇಲೆ ಶಾಂತವಾಯಿತು.

ಹಂತ 7: ಲೆವೆಲ್ ನಕ್ಷೆ ಮತ್ತು ಕ್ಯಾಮೆರಾ

ಪರದೆಯ ಕೆಳಗಿನ 16 ಗೆರೆ ಮುತ್ತಿನ ಎಣಿಕೆಗೆ, ಹಿನ್ನೆಲೆಯ ಮೇಲೆ ಕೂರುವ ವಿಂಡೋ ಪದರದಲ್ಲಿ. ವಿಂಡೋದ ಅಡ್ಡ ಸ್ಥಾನಕ್ಕೆ 0 ಅಲ್ಲ 7 ಬರೆಯಬೇಕು, ಉದ್ದಕ್ಕೆ 128. ಸ್ಪ್ರೈಟ್‌ಗಳು ವಿಂಡೋದ ಮೇಲೂ ಕಾಣುತ್ತವೆ, ಆದ್ದರಿಂದ ಎಲ್ಲ ಲೆವೆಲ್‌ಗಳ ತಳದಲ್ಲೂ ಗಟ್ಟಿ ನೆಲ ಇರಲೇಬೇಕು.

ಆಟಕ್ಕೆ ಉಳಿದದ್ದು 128 ಗೆರೆ. ಲೆವೆಲ್ ಅನ್ನು 16×16 ಪಿಕ್ಸೆಲ್‌ನ ದೊಡ್ಡ ಟೈಲ್‌ಗಳಲ್ಲಿ ಕಟ್ಟಿದರೆ 80 ಕಾಲಂ, 8 ಸಾಲು: 640 ಬೈಟ್. ಸಣ್ಣ ಟೈಲ್‌ಗಳಲ್ಲೇ ಬರೆದಿದ್ದರೆ 2560. ಸಾಲು ಸಾಲಾಗಿ ಬರೆದಿಟ್ಟರೆ ಪ್ರತಿ ಸಲವೂ 80ರಿಂದ ಗುಣಿಸಬೇಕು. ಕಾಲಂ ಕಾಲಂ ಆಗಿ ಇಟ್ಟರೆ 8ರಿಂದ, ಅಂದರೆ ಮೂರು ಬಿಟ್ ಸರಿಸಿದರೆ ಮುಗಿಯಿತು. ಮೇಲಾಗಿ ಕ್ಯಾಮೆರಾಗೆ ಬೇಕಾದ ಕಾಲಂನ 8 ಬೈಟೂ ಒತ್ತೊತ್ತಾಗಿ ಸಿಗುತ್ತವೆ. ಟೈಲ್ಡ್ ಕೊಡುವುದು ಸಾಲುಗಳಲ್ಲಿ, ಅದನ್ನು ತಿರುಗಿಸುವ ಸಣ್ಣ ಸ್ಕ್ರಿಪ್ಟ್ ಬೇಕಾಯಿತು.

ಹಿನ್ನೆಲೆ ನಕ್ಷೆ 32 ಟೈಲ್ ಅಗಲ, ಸುತ್ತಿಕೊಂಡು ಬರುತ್ತದೆ. ಕ್ಯಾಮೆರಾ 8 ಪಿಕ್ಸೆಲ್ ದಾಟಿದಾಗಲೆಲ್ಲ ಮುಂದಿನ ಒಂದು ಕಾಲಂ ಬರೆಯಬೇಕು. ಪರದೆಯಲ್ಲಿ 20 ಟೈಲ್ ಎಂದುಕೊಂಡು 20ನೇ ಕಾಲಂ ಬರೆದದ್ದು ತಪ್ಪಿತು: ಕ್ಯಾಮೆರಾ ಟೈಲ್‌ನ ನಡುವೆ ಇದ್ದಾಗ 21 ಟೈಲ್ ಕಾಣುತ್ತವೆ, ಬಲ ಅಂಚಿನಲ್ಲಿ ಒಂದು ಫ್ರೇಮ್ ಹಳೆಯ ಕಲ್ಲು ಮಿಂಚಿ ಮಾಯವಾಗುತ್ತಿತ್ತು. ಕ್ಯಾಮೆರಾ ಇರುವ ಕಾಲಂಗೆ 21 ಕೂಡಿಸಿ ಬರೆದರೆ ಸರಿ. ಎಡಕ್ಕೆ ಹೋಗುವಾಗ 1 ಕಳೆದು.

ಹಂತ 8: ಒಂದು ಗೆರೆಗೆ ಹತ್ತು

ಗುಳ್ಳೆ, ಮುತ್ತು, ಜೆಲ್ಲಿಫಿಶ್ ಎಲ್ಲ ಸೇರಿದಾಗ ಏಡಿಯ ಅರ್ಧ ದೇಹ ಕಾಣೆಯಾಯಿತು. ಎಣಿಸಿದರೆ ಆ ಗೆರೆಯಲ್ಲಿ ಕಾಣುತ್ತಿದ್ದದ್ದು ಏಳೇ ಸ್ಪ್ರೈಟ್. ಉಳಿದವು ಎಲ್ಲಿ? ಹೆಕ್ಕಿ ಮುಗಿದ ಮುತ್ತುಗಳನ್ನು ಅಡ್ಡ ಸ್ಥಾನ 0 ಮಾಡಿ ಬಚ್ಚಿಟ್ಟಿದ್ದೇ ಕಾರಣ. ಪರದೆಯ ಪಕ್ಕಕ್ಕೆ ಸರಿಸಿದ ಸ್ಪ್ರೈಟ್ ಕಾಣದಿದ್ದರೂ ಆ ಗೆರೆಯ ಹತ್ತರಲ್ಲಿ ಲೆಕ್ಕಕ್ಕೆ ಬರುತ್ತದೆ. ಬಚ್ಚಿಡಬೇಕಾದರೆ ಉದ್ದದ ಸ್ಥಾನವನ್ನು 0 ಮಾಡಬೇಕು.

ಹತ್ತನ್ನು ಆರಿಸುವುದು ಓಎಎಂ (ಸ್ಪ್ರೈಟ್‌ಗಳ ವಿವರ ಇರುವ ಮೆಮೊರಿ) ಪಟ್ಟಿಯ ಕ್ರಮದಲ್ಲಿ, ಆದ್ದರಿಂದ ಏಡಿಗೆ ಪಟ್ಟಿಯ ಮೊದಲ ಎರಡು ಜಾಗ ಖಾಯಂ. ಉಳಿದ ಹಂಚಿಕೆಯನ್ನು ಆಟದ ನಿಯಮವನ್ನಾಗಿಯೇ ಮಾಡಿದೆ: ಏಡಿಗೆ 2, ಜೆಲ್ಲಿಫಿಶ್ ಒಂದಕ್ಕೆ 2, ಸವಾರಿ ಗುಳ್ಳೆಗೆ 2, ಚೆಲ್ಲಿದ ಮುತ್ತಿಗೆ 3. ಒಟ್ಟು 9, ಒಂದು ಮಿಕ್ಕಿದೆ. ಒಂದೇ ಎತ್ತರದಲ್ಲಿ ಎರಡು ಜೆಲ್ಲಿಫಿಶ್ ಯಾವ ಲೆವೆಲ್‌ನಲ್ಲೂ ಇಲ್ಲ. ಮೂರೇ ಮುತ್ತು ಜಾರುವುದಕ್ಕೂ ಇದೇ ಕಾರಣ.

ಅಲಂಕಾರದ ಸಣ್ಣ ಗುಳ್ಳೆಗಳೂ ಕಡಲಕಳೆಯೂ ಸ್ಪ್ರೈಟ್ ಅಲ್ಲವೇ ಅಲ್ಲ, ಹಿನ್ನೆಲೆ ಟೈಲ್. 8 ಫ್ರೇಮ್‌ಗೊಮ್ಮೆ ಆ ಒಂದು ಟೈಲ್‌ನ 16 ಬೈಟ್ ಬದಲಿಸಿದರೆ ಪರದೆಯಲ್ಲಿ ಅದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಒಟ್ಟಿಗೆ ಅಲುಗುತ್ತದೆ. ಇಷ್ಟು ಅಗ್ಗದ ಸಂಭ್ರಮ ಈ ಯಂತ್ರದಲ್ಲಿ ಬೇರೊಂದಿಲ್ಲ.

ಸವಾರಿ ಗುಳ್ಳೆಯಲ್ಲಿ ಒಂದು ನಡುಕ ಇತ್ತು. ಮೊದಲು ಏಡಿ, ಆಮೇಲೆ ಗುಳ್ಳೆ ಎಂಬ ಕ್ರಮದಲ್ಲಿ ಚಲಿಸಿದ್ದರಿಂದ ಏಡಿ ಸದಾ ಒಂದು ಫ್ರೇಮ್ ಹಿಂದೆ. ಮೊದಲು ಗುಳ್ಳೆಗಳನ್ನೆಲ್ಲ ಚಲಿಸಿ, ಅದೇ ಅಂತರವನ್ನು ಮೇಲೆ ಕೂತ ಏಡಿಗೂ ಕೂಡಿಸಿ, ಕೊನೆಗೆ ಏಡಿಯ ಲೆಕ್ಕ ಮಾಡಿದರೆ ನಡುಕ ಇಲ್ಲ.

ಹಂತ 9: ಅಲೆಯಾಡುವ ನೀರು

ಗೆರೆಗೊಂದು ಅಡ್ಡ ಸ್ಕ್ರೋಲ್ ಬದಲಿಸಿದರೆ ಹಿನ್ನೆಲೆ ಬಳುಕುತ್ತದೆ. ಪ್ರತಿ ಗೆರೆಗೂ ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ಬೇರೆ ಕೆಲಸಕ್ಕೆ ಕರೆಯುವ ಸೂಚನೆ) ಹಾಕಿದಾಗ ಆಟ ಅರ್ಧ ವೇಗಕ್ಕೆ ಬಿತ್ತು. ಲೆಕ್ಕ ಸರಳ: ಒಂದು ಗೆರೆಗೆ 114 ಸೈಕಲ್. ಇಂಟರಪ್ಟ್‌ಗೆ ಹೋಗಲು 5, ನಾಲ್ಕು ರಿಜಿಸ್ಟರ್ (ಪ್ರೊಸೆಸರ್‌ನೊಳಗಿನ ಪುಟ್ಟ ಮೆಮೊರಿ) ಜೋಡಿ ಎತ್ತಿಡಲು 16, ಹಿಂದಿರುಗಿಸಲು 12, ಮರಳಲು 4. ಏನೂ ಕೆಲಸ ಮಾಡದೆಯೇ 37, ಮೂರನೇ ಒಂದು ಭಾಗ.

ಎರಡನೇ ತೊಂದರೆ ಕಣ್ಣಿಗೆ. ಪೂರ್ತಿ ಹಿನ್ನೆಲೆ ಬಳುಕಿದಾಗ ದಿಬ್ಬಗಳೂ ಒಂದು ಪಿಕ್ಸೆಲ್ ಆಚೀಚೆ ಆಗುತ್ತವೆ, ಸ್ಪ್ರೈಟ್‌ಗಳು ಆಗುವುದಿಲ್ಲ. ಸುಮ್ಮನೆ ನಿಂತ ಏಡಿಯ ಕಾಲ ಕೆಳಗೆ ಕಲ್ಲು ಜಾರುತ್ತಿರುವಂತೆ ಕಾಣುತ್ತಿತ್ತು. ಹಾಗಾಗಿ ಅಲೆಯನ್ನು ಮೇಲಿನ 24 ಗೆರೆಗಳಿಗೆ ಸೀಮಿತಗೊಳಿಸಿ, ಆ ಪಟ್ಟಿಯಲ್ಲಿ ಬಿಸಿಲ ಕೋಲು ಮಾತ್ರ ಬರೆದಿದೆ. ಎರಡು ಗೆರೆಗೊಂದು ಇಂಟರಪ್ಟ್, ಫ್ರೇಮ್‌ಗೆ 12. ಬಂಡೆ ಮೇಲ್ಮೈಗಿಂತ ಮೇಲಕ್ಕೆ ಚಾಚುವ ಲೆವೆಲ್‌ಗಳಲ್ಲಿ ಅಲೆ ಇಲ್ಲ.

ಆಗಲೂ ಅಲೆ ಒಂದು ಗೆರೆ ತಡವಾಗಿ, ಹರಿದಂತೆ ಬಂತು. ಸ್ಕ್ರೋಲ್‌ನ ಕೊನೆಯ ಮೂರು ಬಿಟ್‌ಗಳನ್ನು ಯಂತ್ರ ಓದುವುದು ಗೆರೆ ಬಿಡಿಸಲು ಶುರುಮಾಡುವಾಗ ಒಂದೇ ಸಲ, ಗೆರೆಯ ಮೊದಲ 20 ಸೈಕಲ್ ಕಳೆದ ಕೂಡಲೇ. ಮೇಲಿನ ಲೆಕ್ಕದಲ್ಲಿ ರಿಜಿಸ್ಟರ್ ಎತ್ತಿಡುವಷ್ಟರಲ್ಲೇ 21 ಮುಗಿದಿರುತ್ತದೆ. ಯಾವ ಗೆರೆಗೆ ಇಂಟರಪ್ಟ್ ಬರಬೇಕು ಎಂದು ಹೇಳುವ ಎಲ್‌ವೈಸಿ ಹೋಲಿಕೆಯನ್ನು ಒಂದು ಗೆರೆ ಮುಂಚೆ ಇಟ್ಟು, ಆ ಗೆರೆ ಬಿಡಿಸಿ ಮುಗಿಯುವುದನ್ನು ಕಾದು, ಆಮೇಲೆ ಬರೆದರೆ ಅಲೆ ನಯವಾಗಿ ಬರುತ್ತದೆ. ಕಾಯುವುದಕ್ಕೆ ಸೈಕಲ್ ಖರ್ಚಾಗುತ್ತದೆ, 12 ಸಲಕ್ಕೆ ಪರವಾಗಿಲ್ಲ.

ಫ್ರೇಮ್‌ನ ಸಮಯ ಎಷ್ಟು ಉಳಿದಿದೆ ಎಂದು ನೋಡಲು ಸುಲಭದ ದಾರಿ: ಕೆಲಸ ಮುಗಿದ ಜಾಗದಲ್ಲಿ ಹಿನ್ನೆಲೆಯ ಛಾಯೆ ನಿಗದಿಮಾಡುವ ಬಿಜಿಪಿ ರಿಜಿಸ್ಟರ್‌ಗೆ ತಲೆಕೆಳಗಾದ ಛಾಯೆಗಳನ್ನು ಬರೆದು, ಫ್ರೇಮ್ ಕೊನೆಗೆ ಮೊದಲಿನಂತೆ ಮಾಡಿ. ಪರದೆಯ ಯಾವ ಎತ್ತರದಲ್ಲಿ ಬಣ್ಣ ತಿರುಗುತ್ತದೋ ಅಲ್ಲಿಗೆ ಕೆಲಸ ಮುಗಿದಿದೆ. ಆ ಗೆರೆ ತಳಕ್ಕೆ ಹತ್ತಿರವಾಗುತ್ತಿದ್ದರೆ ಎಚ್ಚರ.

ಹಂತ 10: ಬುಳುಕ್ ಎಂಬ ಸದ್ದು

ಯಂತ್ರದ ನಾಲ್ಕು ಸದ್ದಿನ ಚಾನಲ್‌ಗಳಲ್ಲಿ ಮೊದಲನೆಯದರ ಸ್ವೀಪ್ (ಸ್ವರವನ್ನು ಹೆಜ್ಜೆಹೆಜ್ಜೆಯಾಗಿ ಸರಿಸುವ ಸೌಲಭ್ಯ) ಗುಳ್ಳೆಯ ಸದ್ದಿಗೆ ಹೇಳಿ ಮಾಡಿಸಿದ್ದು. ಆರಂಭದ ಸಂಖ್ಯೆ 1750, ಅಂದರೆ 440 ಹರ್ಟ್ಸ್. ಸ್ವೀಪ್ ಮೇಲ್ಮುಖ, ಶಿಫ್ಟ್ (ಪ್ರತಿ ಹೆಜ್ಜೆಗೆ ಸಂಖ್ಯೆಯನ್ನು ಎಷ್ಟು ಬಿಟ್ ಬಲಕ್ಕೆ ಸರಿಸಿ ಕೂಡಿಸಬೇಕು ಎಂಬುದು) 4 ಎಂದು ಇಟ್ಟಾಗ ಟಿಕ್ ಎಂಬ ಸಣ್ಣ ಸದ್ದು ಬಂದು ನಿಂತಿತು. ಮೆಟ್ಟಿಲುಗಳು 1750, 1859, 1975 ಆಗಬೇಕಿತ್ತು. ಆದರೆ ಪ್ರತಿ ಹೆಜ್ಜೆಯ ನಂತರ ಯಂತ್ರ ಮುಂದಿನ ಹೆಜ್ಜೆಯನ್ನೂ ಲೆಕ್ಕ ಹಾಕಿ ನೋಡುತ್ತದೆ. ಅದು 2047 ದಾಟಿದರೆ ಆಗಲೇ ಚಾನಲ್ ಬಂದ್. 1975ರ ಮುಂದಿನದು 2098, ಹಾಗಾಗಿ 1975 ಕೇಳಿಸಲೇ ಇಲ್ಲ.

ಶಿಫ್ಟ್ 6 ಮಾಡಿದರೆ 1750ರಿಂದ 2007ರವರೆಗೆ ಹತ್ತು ಸ್ವರ, 440ರಿಂದ ಸುಮಾರು 3200 ಹರ್ಟ್ಸ್‌ವರೆಗೆ. ವೇಗ 1ರಲ್ಲಿ ಒಂದು ಹೆಜ್ಜೆಗೆ 7.8 ಮಿಲಿಸೆಕೆಂಡ್, ಒಟ್ಟು 78. ಹೆಜ್ಜೆ ಹೆಜ್ಜೆಗೂ ಜಿಗಿತ ದೊಡ್ಡದಾಗುತ್ತ ಹೋಗಿ ಕೊನೆಯಲ್ಲಿ ತಾನೇ ಕಡಿಯುತ್ತದೆ. ಗುಳ್ಳೆ ಒಡೆದಂತೆಯೇ ಇದೆ, ನಿಲ್ಲಿಸಲು ಕೋಡ್ ಬರೆಯಬೇಕಾಗಿಲ್ಲ.

ಸಂಗೀತವನ್ನು ಎರಡು ಮತ್ತು ಮೂರನೇ ಚಾನಲ್‌ಗಳಲ್ಲೇ ಕಟ್ಟಿದೆ, ಒಂದು ಮತ್ತು ನಾಲ್ಕು ಸದ್ದಿಗೆ ಮೀಸಲು. ಟ್ರ್ಯಾಕರ್‌ನಲ್ಲಿ ಒಂದು ಸಾಲಿಗೆ 6 ಟಿಕ್ (ಒಂದು ಟಿಕ್ ಎಂದರೆ ಒಂದು ಫ್ರೇಮ್), ಒಂದು ತಾಳಕ್ಕೆ ನಾಲ್ಕು ಸಾಲು ಇಟ್ಟಾಗ ನಿಮಿಷಕ್ಕೆ 149 ತಾಳ. ಲವಲವಿಕೆ ಇತ್ತು, ಆದರೆ ಆಡುವಾಗ ಏನೋ ಕೂಡುತ್ತಿರಲಿಲ್ಲ. ಸಾಲಿಗೆ 7 ಟಿಕ್ ಮಾಡಿದಾಗ 128 ತಾಳ, ಮತ್ತು ಎರಡು ಸಾಲಿಗೆ 14 ಫ್ರೇಮ್. ಹಂತ 5ರಲ್ಲಿ ಒಂದು ಒತ್ತಿನ ಏರು ಮುಗಿಯುವುದೂ 14 ಫ್ರೇಮ್‌ಗೇ. ಏರು ಮುಗಿದೊಡನೆ ಮತ್ತೆ ಒತ್ತುತ್ತ ಹೋದರೆ ಪ್ರತಿ ಒತ್ತೂ ಅರ್ಧ ತಾಳಕ್ಕೆ ಬೀಳುತ್ತದೆ. ಈಜು ಮತ್ತು ಹಾಡು ಒಂದಾದದ್ದು ಇಲ್ಲಿ. ಈ ಆಟಕ್ಕೆ ಇದಕ್ಕಿಂತ ದೊಡ್ಡ ಸುಧಾರಣೆ ಬೇರೆ ಯಾವುದೂ ಆಗಲಿಲ್ಲ. ಈಗ −36ನ್ನಾಗಲಿ ಟಿಕ್ ಎಣಿಕೆಯನ್ನಾಗಲಿ ಒಂಟಿಯಾಗಿ ಬದಲಿಸುವಂತಿಲ್ಲ.

ಹಂತ 11: ಮುತ್ತು ಉಳಿಸುವುದು

ಕಾರ್ಟ್ರಿಜ್‌ನ ಮೆಮೊರಿ ನಿಯಂತ್ರಿಸುವ ಎಂಬಿಸಿ5 ಚಿಪ್, ಬ್ಯಾಟರಿ ಇರುವ ರ‍್ಯಾಮ್. ಹೊಸ ಕಾರ್ಟ್ರಿಜ್‌ನ ಆ ರ‍್ಯಾಮ್‌ನಲ್ಲಿ ಏನು ಬೇಕಾದರೂ ಇರಬಹುದು. ಮೊದಲ ಸಲ ಹಾಕಿದಾಗ ಐದಂಕಿ ಮುತ್ತು ತೋರಿಸಿತು. ಮೊದಲ ನಾಲ್ಕು ಬೈಟ್ ಗುರುತು, ಕೊನೆಗೆ ಎಲ್ಲ ಬೈಟ್‌ಗಳ ಮೊತ್ತ; ಎರಡರಲ್ಲಿ ಒಂದು ತಪ್ಪಿದರೂ ಸೊನ್ನೆಯಿಂದ ಶುರು. ಬರೆದಾದ ಮೇಲೆ ರ‍್ಯಾಮ್ ಮುಚ್ಚುವುದನ್ನು ಮರೆಯಬೇಡಿ, ಯಂತ್ರ ಆರಿಸುವ ಕ್ಷಣದಲ್ಲಿ ತೆರೆದೇ ಇದ್ದರೆ ಬರೆದದ್ದು ಕೆಡಬಹುದು.

ಹಂತ 12: ಸೆಳವು

ಕೊನೆಗೆ ಸೇರಿಸಿದ್ದು ಪಕ್ಕಕ್ಕೆ ಎಳೆಯುವ ಸೆಳವು. ಆ ಪ್ರದೇಶದಲ್ಲಿ ಅಡ್ಡ ವೇಗಕ್ಕೆ ಪ್ರತಿ ಫ್ರೇಮ್ 1 ಕೂಡಿಸಿದಾಗ ಏನೂ ಆಗಲಿಲ್ಲ. ಹಂತ 5ರ ತೂಗಿ ನಿಂತ ಏಡಿಯ ಕತೆಯೇ: ಅಡ್ಡ ತಡೆ ಆ 1ನ್ನು ತಿನ್ನುತ್ತದೆ. 2 ಮಾಡಿದಾಗ ಏಡಿ 15ರ ವೇಗದಲ್ಲಿ ಹಾಯಾಗಿ ತೇಲಿತು. ಆದರೆ ಎದುರು ಈಜಲು ಹೋದರೆ ಗುಂಡಿಯ 3ರಲ್ಲಿ ಸೆಳವಿನ 2 ಕಳೆದು ಉಳಿಯುವುದು ಮತ್ತೆ 1, ಅದೂ ತಡೆಯ ಪಾಲು. ಗುಂಡಿ ಒತ್ತಿಯೇ ಇದ್ದರೂ ಏಡಿ ಇದ್ದಲ್ಲೇ. ಗುಂಡಿಗೆ 4 ಕೊಟ್ಟರೆ ಸೆಳವು ದಾಟಬಹುದು, ಆದರೆ ತಿಳಿನೀರಿನಲ್ಲಿ ಗರಿಷ್ಠ ವೇಗ 30ರಿಂದ 45ಕ್ಕೆ ಜಿಗಿದು ದಿಬ್ಬಗಳ ಅಗಲದ ಲೆಕ್ಕವೆಲ್ಲ ಕೆಡುತ್ತದೆ.

ಸೆಳವನ್ನು ವೇಗಕ್ಕೆ ಸೇರಿಸುವುದನ್ನೇ ಬಿಟ್ಟು, ತಡೆಯೆಲ್ಲ ಕಳೆದ ಮೇಲೆ ನೇರ ಸ್ಥಾನಕ್ಕೆ ಫ್ರೇಮ್‌ಗೆ 8 ಘಟಕ ಕೂಡಿಸಿದೆ. ಸೆಳವಿನ ಜೊತೆ 38, ಎದುರು 22. ಚೆಲ್ಲಿದ ಮುತ್ತಿಗೂ ಸವಾರಿ ಗುಳ್ಳೆಗೂ ಅದೇ 8, ಆದ್ದರಿಂದ ಸೆಳವಿನಲ್ಲಿ ಜಾರಿದ ಮುತ್ತು ಏಡಿಯ ಪಕ್ಕದಲ್ಲೇ ತೇಲಿ ಬರುತ್ತದೆ, ಕೈಚಾಚಿದರೆ ಸಿಗುತ್ತದೆ. ಡಿಕ್ಕಿಯ ಪರೀಕ್ಷೆ ಈ 8 ಕೂಡಿದ ನಂತರ ನಡೆಯಬೇಕು. ಮೊದಲೇ ಮಾಡಿದರೆ ಸೆಳವಿನ ಕೊನೆಯ ಗೋಡೆಯೊಳಗೆ ಏಡಿ ಅರ್ಧ ಪಿಕ್ಸೆಲ್ ಹುದುಗಿ ಸಿಕ್ಕಿಬೀಳುತ್ತದೆ.